ಹಳೇ ಟೇಪ್ ಕ್ಯಾಮೆರಾ ಕೈಕೊಟ್ಟಿದೆ. ಮನೆಮಂದಿಯ ವಿಡಿಯೋಗೆ ಈಗ ಯಾವುದು ತಗೊಳ್ಳಲಿ?

ಡೊಂಬಿವಲಿ_ಪೂರ್ವ | ಜೂನ್ 14, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

2006ರಲ್ಲಿ, ಮದುವೆಯ ಹೊತ್ತಿಗೆ, ಒಂದು ಮಿನಿಡಿವಿ ಕ್ಯಾಮೆರಾ ತಗೊಂಡಿದ್ದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಟೇಪ್ ಹಾಕುವಂಥದ್ದು. ಯಾವ ಕಂಪನಿ ಅಂತ ಬೇಡ, ಇಷ್ಟು ವರ್ಷ ದುಡಿದ ಯಂತ್ರವನ್ನು ಈಗ ದೂರುವುದು ಚೆನ್ನಾಗಿರುವುದಿಲ್ಲ. ಮನೆಯಲ್ಲಿ ಅದನ್ನು ಹ್ಯಾಂಡಿಕ್ಯಾಮ್ ಅಂತಲೇ ಕರೆಯುತ್ತಿದ್ದೆವು. ಅದು ಸೋನಿಯವರ ಹೆಸರು, ಎಲ್ಲಾ ಕ್ಯಾಮೆರಾಗೂ ಹಾಗೆ ಅನ್ನಬಾರದು ಅಂತ ಮಗಳು ಈಚೆಗೆ ಪಾಠ ಮಾಡಿದಳು.

ಹೋದ ವಾರ ಊರಿಂದ ಮತ್ಸ್ಯಗಂಧ ರೈಲಿನಲ್ಲಿ ವಾಪಸ್ ಬಂದೆವು. ನಮ್ಮೂರು ಕುಂದಾಪುರದ ಹತ್ತಿರ. ರಾತ್ರಿಯಿಡೀ ಎಸಿ ಬೋಗಿ. ಬೆಳಿಗ್ಗೆ ಠಾಣೆಯಲ್ಲಿ ಇಳಿದು, ಮಳೆಯಲ್ಲಿ ಲೋಕಲ್ ಹಿಡಿದು ಮನೆ ಮುಟ್ಟಿದ ಕೂಡಲೇ ಕ್ಯಾಮೆರಾ ಆನ್ ಮಾಡಿದೆ. ಪರದೆ ಮೇಲೆ ನೀರಹನಿಯ ಚಿತ್ರ ಮಿಣುಕುತ್ತಿತ್ತು. ನಾನು ಲೆಕ್ಕಕ್ಕೆ ತಗೊಳ್ಳದೆ ಟೇಪ್ ತೆಗೆಯೋಣ ಅಂತ ಗುಂಡಿ ಒತ್ತಿದೆ. ಕರ್ ಅಂತ ಸದ್ದು. ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಟೇಪ್ ಒಳಗೇ ಇದೆ.

ಈಗ ಬದಲಿ ಬೇಕು. ಮಗಳಿಗೆ 11 ವರ್ಷ, ಯಕ್ಷಗಾನ ಕಲಿಯುತ್ತಿದ್ದಾಳೆ. ಆಗಸ್ಟ್‌ನಲ್ಲಿ ಮಾಟುಂಗದಲ್ಲಿ ಮೊದಲ ಸಲ ಗೆಜ್ಜೆ ಕಟ್ಟುತ್ತಾಳೆ, ಬಾಲಗೋಪಾಲ ವೇಷ. ಆಮೇಲೆ ಅಮ್ಮ. 78 ಆಯಿತು. ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಅವರು ಕಡುಬಿನ ಕೊಟ್ಟೆ ಕಟ್ಟುವ ರೀತಿ ನನ್ನ ಹೆಂಡತಿಗೂ ಬರುವುದಿಲ್ಲ, ನನಗಂತೂ ಬರುವುದೇ ಇಲ್ಲ. ಅದನ್ನು ಹತ್ತಿರದಿಂದ ತೆಗೆದಿಡಬೇಕು. ಬಜೆಟ್ 50 ಸಾವಿರದ ಆಸುಪಾಸು. ಏನು ಮಾಡಲಿ?

ಮೊಬೈಲ್_ಸಾಕು | ಜೂನ್ 14, ರಾತ್ರಿ 11:05

50 ಸಾವಿರಕ್ಕೆ ಒಂದು ಒಳ್ಳೇ ಫೋನ್ ಬರುತ್ತದೆ ಮಾರಾಯ್ರೆ. ಈ ಕಾಲದಲ್ಲಿ ಯಾರು ಬೇರೆ ಕ್ಯಾಮೆರಾ ಹೊತ್ತುಕೊಂಡು ತಿರುಗುತ್ತಾರೆ? ಮೊಬೈಲ್ ಸಾಕು.

ಡೊಂಬಿವಲಿ_ಪೂರ್ವ | ಜೂನ್ 14, ರಾತ್ರಿ 11:09

ನಿಮ್ಮ ಹೆಸರು ನೋಡಿದಾಗಲೇ ಉತ್ತರ ಗೊತ್ತಾಯಿತು :)

ಮಾಟುಂಗ_ಅಂಕಲ್ | ಜೂನ್ 15, ಬೆಳಿಗ್ಗೆ 6:30

ತಮ್ಮಾ, ಯಾವ ಕ್ಯಾಮೆರಾ ಅನ್ನುವುದು ಆಮೇಲೆ. ಎಲ್ಲಿ ನಿಂತು ತೆಗೆಯುತ್ತೀಯ, ಅದನ್ನು ಮೊದಲು ಹೇಳು.

ಬ್ಯಾಂಕಿನ ಕೆಲಸದಲ್ಲಿದ್ದಾಗಿನಿಂದ ನಾನು ಸಂಘಗಳ ಕಾರ್ಯಕ್ರಮ ಶೂಟ್ ಮಾಡುತ್ತ ಬಂದವನು. ಮೇ ಕೊನೆಗೆ ಪತ್ತನಾಜೆ ಆಗಿ ಊರಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದವು ಅಂದರೆ ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬರುತ್ತವೆ. ಆಗ ನನಗೆ ವಾರಕ್ಕೆ ಎರಡು ಆಟ. ಎಲ್ಲಾ ಹಾಲ್‌ನಲ್ಲೂ ಒಂದೇ ಕತೆ. ಮುಂದಿನ ಸಾಲು ಅತಿಥಿಗಳಿಗೆ. ಕ್ಯಾಮೆರಾ ಸ್ಟ್ಯಾಂಡ್ ಹಿಡಿದವನಿಗೆ ಕೊನೇ ಸಾಲಿನ ಹಿಂದೆ, ಬಾಗಿಲ ಪಕ್ಕ ಜಾಗ.

ಒಂದು ಸಣ್ಣ ಲೆಕ್ಕ ಹೇಳಿಕೊಡುತ್ತೇನೆ. 36ನ್ನು ರಂಗಸ್ಥಳದ ದೂರದಿಂದ ಗುಣಿಸು, ಲೆನ್ಸಿನ ಮಿಲಿಮೀಟರಿನಿಂದ ಭಾಗಿಸು. ಅಷ್ಟು ಮೀಟರ್ ಅಗಲ ಚಿತ್ರದಲ್ಲಿ ಬರುತ್ತದೆ. 35 ಎಂಎಂ ಫಿಲ್ಮಿಗೆ ಸಮನಾಗಿ ಇಷ್ಟು ಅಂತ ಕೊಟ್ಟಿರುತ್ತಾರಲ್ಲ, ಆ ಮಿಲಿಮೀಟರ್. 20 ಮೀಟರ್ ದೂರ ಇದೆ ಅಂದುಕೋ. ಫೋನಿನ 5ಎಕ್ಸ್ ಲೆನ್ಸ್ ಅಂದರೆ ಸುಮಾರು 120 ಎಂಎಂ. 6 ಮೀಟರ್ ಅಗಲ ಬಂತು. ಇಡೀ ರಂಗಸ್ಥಳ, ಹಿಂದಿನ ಪರದೆ, ಪಕ್ಕದ ಸ್ಪೀಕರ್ ಎಲ್ಲಾ ಬಂದವು. ಮಗು ಹೆಬ್ಬೆರಳಿನಷ್ಟು. ಸೋನಿ ಎಫ್‌ಡಿಆರ್-ಎಎಕ್ಸ್53ರಲ್ಲಿ 20 ಪಟ್ಟು ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಸರಿದು ಹತ್ತಿರ ತರುವ ಜೂಮ್, 26.8ರಿಂದ 536 ಎಂಎಂ. ಅದೇ ಜಾಗದಿಂದ 1.3 ಮೀಟರ್ ಅಗಲ. ಸೊಂಟದಿಂದ ಮೇಲೆ ಮಗು ತುಂಬಿಕೊಂಡು ಬರುತ್ತದೆ. ಕಣ್ಣಿಗೆ ಬಳಿದ ಕಾಡಿಗೆ ಕಾಣುತ್ತದೆ.

ಫೋನಿನಲ್ಲೂ 30ಎಕ್ಸ್, 100ಎಕ್ಸ್ ಅಂತ ಬರೆದಿರುತ್ತಾರೆ. ಅದರಲ್ಲಿ ಹೆಚ್ಚಿನ ಭಾಗ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದ್ದು, ಅಷ್ಟೇ.

ಮೊಬೈಲ್_ಸಾಕು | ಜೂನ್ 15, ಬೆಳಿಗ್ಗೆ 8:12

ಅಂಕಲ್ ಲೆಕ್ಕ ಸರಿ. ನನ್ನದೊಂದು ಪ್ರಶ್ನೆ. ಡೊಂಬಿವಲಿ ಅಣ್ಣಾ, ನಿಮ್ಮ ಹತ್ತಿರ ಎಷ್ಟು ಟೇಪ್ ಇವೆ? ಅದರಲ್ಲಿ ತೆಗೆದ ಮೇಲೆ ಎರಡನೇ ಸಲ ನೋಡಿದ್ದು ಎಷ್ಟು? ಫೋನಿನಲ್ಲಿ ತೆಗೆದದ್ದನ್ನು ಅವತ್ತೇ ಊರಿಗೆ ಕಳಿಸುತ್ತೇವೆ. ಅಜ್ಜ ಅಜ್ಜಿ ನೋಡುತ್ತಾರೆ. ಕ್ಯಾಮೆರಾದ್ದು ಕಪಾಟು ಸೇರುತ್ತದೆ. ಇದಕ್ಕೆ ಉತ್ತರ ಹೇಳಿ.

ಡೊಂಬಿವಲಿ_ಪೂರ್ವ | ಜೂನ್ 15, ಬೆಳಿಗ್ಗೆ 8:40

43 ಟೇಪ್. ನೋಡಿದ್ದು ಮೂರು. ಅದರಲ್ಲಿ ಒಂದು ನಮ್ಮ ಮದುವೆಯದ್ದು.

ಚುಚ್ಚಿದ್ದು ಸರಿಯಾಗಿ ತಗಲಿತು.

ಕೊಥ್ರೂಡ್_ಕನ್ನಡತಿ | ಜೂನ್ 15, ಮಧ್ಯಾಹ್ನ 1:25

ನಾನು ಪುಣೆಯಿಂದ. ತವರುಮನೆ ಧಾರವಾಡ. ಎರಡು ಮಕ್ಕಳು, ಒಂದಕ್ಕೆ 4, ಇನ್ನೊಂದಕ್ಕೆ 7. ನನ್ನ ಅನುಭವ ಹೇಳ್ತೀನಿ ನೋಡ್ರಿ.

ಫೋನಿನಲ್ಲಿ ತೆಗೆಯುವಾಗ ನನ್ನ ದೊಡ್ಡ ಕಷ್ಟ ಕ್ವಾಲಿಟಿ ಅಲ್ಲ. ಸಣ್ಣವನು ಮೊದಲ ಸಲ ಸೈಕಲ್ ತುಳಿಯುತ್ತಿದ್ದಾನೆ, ಅಷ್ಟರಲ್ಲಿ ಕೊರಿಯರ್‌ನವನ ಫೋನ್ ಬಂತು, ರೆಕಾರ್ಡಿಂಗ್ ನಿಂತಿತು. ಇನ್ನೊಂದು ಸಲ ಜಾಗ ಇಲ್ಲ ಅಂತ ಬಂತು. ಮಗಳ ಮುಂದೆ ಫೋನ್ ಹಿಡಿದರೆ ಅವಳು ಆಡುವುದು ಬಿಟ್ಟು ಫೋನ್ ಕೇಳುತ್ತಾಳೆ.

ಅದಕ್ಕೆ ಹೋದ ದೀಪಾವಳಿಗೆ ಡಿಜೆಐ ಓಸ್ಮೋ ಪಾಕೆಟ್ 3 ತಗೊಂಡೆವು. ಇದು 2023ರ ಅಕ್ಟೋಬರ್‌ನಲ್ಲಿ ಬಂದದ್ದು. ದಪ್ಪ ಮಾರ್ಕರ್ ಪೆನ್ನಿನ ಹಾಗಿದೆ, 179 ಗ್ರಾಂ. ತಲೆ ಮಾತ್ರ ತೇಲಿಕೊಂಡು ಇರುತ್ತದೆ, ನಾನು ಮಗುವಿನ ಹಿಂದೆ ಓಡಿದರೂ ಚಿತ್ರ ಅಲುಗಾಡುವುದಿಲ್ಲ. ಪರದೆಯನ್ನು ಅಡ್ಡ ತಿರುಗಿಸಿದರೆ ಆನ್. ಮುಖ ಹಿಡಿದು ತಾನೇ ತಿರುಗುತ್ತದೆ. ನಿಮ್ಮ ತಾಯಿಯವರ ಕೊಟ್ಟೆಗೆ ಇದು ಬಹಳ ಚಲೋ. ಸಣ್ಣ ಸ್ಟ್ಯಾಂಡ್ ಹಾಕಿ ಕಟ್ಟೆ ಮೇಲೆ ಇಟ್ಟರೆ ಎರಡು ನಿಮಿಷದಲ್ಲಿ ಅದು ಅಲ್ಲಿದೆ ಅನ್ನುವುದನ್ನೇ ಅವರು ಮರೆಯುತ್ತಾರೆ.

ಆದರೆ ಆಪ್ಟಿಕಲ್ ಜೂಮ್ ಇಲ್ಲವೇ ಇಲ್ಲ. ಶಾಲೆಯ ಗ್ಯಾದರಿಂಗ್‌ಗೆ ಇದನ್ನು ನಂಬಿ ಹೋಗಿ ಕೂತೆ. ಮನೆಗೆ ಬಂದು ಟಿವಿಯಲ್ಲಿ ಹಾಕಿ ನೋಡಿದರೆ ಅಷ್ಟು ಚಿಟ್ಟೆಗಳಲ್ಲಿ ನನ್ನ ಚಿಟ್ಟೆ ಯಾವುದು ಅಂತ ನನಗೇ ಗೊತ್ತಾಗಲಿಲ್ಲ.

ಫೋರ್ಟ್_ರಿಪೇರಿ | ಜೂನ್ 15, ರಾತ್ರಿ 9:47

ಹೊಸ ಕ್ಯಾಮೆರಾ ಮಾತು ಆಮೇಲೆ. ಮೊದಲು ಹಳೇದನ್ನು ಮುಟ್ಟಬೇಡಿ. ಬಾಗಿಲು ಒತ್ತಬೇಡಿ, ಚಿಮಟ ಹಾಕಬೇಡಿ, ಎಸೆಯಬೇಡಿ. ನಾನು ಮುಂಬಯಿ ಫೋರ್ಟಿನ ಬೋರಾ ಬಜಾರ್ ಕಡೆ ಕ್ಯಾಮೆರಾ ರಿಪೇರಿ ಮೇಜಿನಲ್ಲಿ ಕೂರುವವನು. ಜೂನ್ ಬಂದರೆ ಇದೇ ಕೇಸು.

ಒಳಗೆ ಏನಾಗಿದೆ ಅಂತ ಹೇಳುತ್ತೇನೆ. ಎಸಿಯಲ್ಲಿ ತಣ್ಣಗಾದ ಯಂತ್ರವನ್ನು ಮಳೆಗಾಲದ ಹಸಿ ಗಾಳಿಗೆ ತೆಗೆದಿರಿ. ಫ್ರಿಜ್ಜಿನಿಂದ ತೆಗೆದ ಲೋಟದ ಮೇಲೆ ಬೆವರು ಬರುವ ಹಾಗೆ ಒಳಗೆ ಟೇಪ್ ಓದುವ ಡ್ರಮ್ ಮೇಲೆ ನೀರು ಕೂತಿತು. ಡಿವಿ ಕ್ಯಾಮೆರಾದ ಡ್ರಮ್ ನಿಮಿಷಕ್ಕೆ 9000 ಸುತ್ತು ತಿರುಗುತ್ತದೆ. ಟೇಪಿನ ಅಗಲ ಬರೀ 6.35 ಮಿಲಿಮೀಟರ್. ಒದ್ದೆ ಡ್ರಮ್ಮಿಗೆ ಟೇಪ್ ಅಂಟಿಕೊಂಡರೆ ಸುತ್ತಿಕೊಂಡು ಹೋಗುತ್ತದೆ. ಆ ನೀರಹನಿ ಚಿತ್ರ ಇರುವುದೇ ಅದಕ್ಕೆ. ಅದು ಕಂಡರೆ ಬ್ಯಾಟರಿ ತೆಗೆದು, ಮಾಮೂಲಿ ಕೋಣೆಯಲ್ಲಿ ಕೆಲವು ಗಂಟೆ ಸುಮ್ನೆ ಬಿಡಬೇಕು. ರೈಲಿನಿಂದ ಇಳಿಯುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರೆ ಇನ್ನೂ ಒಳ್ಳೆಯದು, ನೀರು ಚೀಲದ ಹೊರಗೆ ಕೂರುತ್ತದೆ.

ಇನ್ನೊಂದು ಮಾತು. ನಿಮಗೆ ಅದು ಈಗ ಕ್ಯಾಮೆರಾ ಅಲ್ಲ, 43 ಟೇಪಿಗೆ ಪ್ಲೇಯರ್. ಹೊಸ ಕ್ಯಾಮೆರಾ ಎಷ್ಟೇ ದುಬಾರಿಯದ್ದಾದರೂ ಆ ಟೇಪ್ ಓದುವುದಿಲ್ಲ. ಬಜೆಟ್‌ನಲ್ಲಿ ಸ್ವಲ್ಪ ದುಡ್ಡು ಇದರ ರಿಪೇರಿಗೆ ಎತ್ತಿಡಿ.

ವಾಸ್ಕೋ_ಹಾವೇರಿ | ಜೂನ್ 15, ರಾತ್ರಿ 10:20

ಈ ಮಾತು ನನಗೆ ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. ಗೋವಾದಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ ಡಿವಿಡಿ ಹಾಕುವ ವಿಡಿಯೋ ಕ್ಯಾಮೆರಾ ತಗೊಂಡಿದ್ದೆ. 8 ಸೆಂಟಿಮೀಟರಿನ ಪುಟ್ಟ ಡಿಸ್ಕ್, 1.4 ಜಿಬಿ, ಒಳ್ಳೇ ಕ್ವಾಲಿಟಿಯಲ್ಲಿ ಇಟ್ಟರೆ 20 ನಿಮಿಷಕ್ಕೆ ಮುಗಿಯುತ್ತಿತ್ತು. ಕೊನೆಯಲ್ಲಿ ಫೈನಲೈಸ್ ಅಂತ ಒಂದು ಗುಂಡಿ ಒತ್ತಬೇಕು. ಒತ್ತದಿದ್ದರೆ ಬೇರೆ ಪ್ಲೇಯರ್‌ನಲ್ಲಿ ಓಡುವುದಿಲ್ಲ. ನನಗೆ ಗೊತ್ತಿರಲಿಲ್ಲ. ಕ್ಯಾಮೆರಾ ಕೆಟ್ಟಾಗ ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟೆ. ಈಗ ಮಗನ ಮೊದಲ ಹುಟ್ಟುಹಬ್ಬದ ಡಿಸ್ಕ್ ಕಂಪ್ಯೂಟರಿಗೆ ಹಾಕಿದರೆ ಖಾಲಿ ಡಿಸ್ಕ್ ಅನ್ನುತ್ತದೆ. ಬೆಳಕಿಗೆ ಹಿಡಿದರೆ ಮುಕ್ಕಾಲು ಭಾಗ ಬಣ್ಣ ಬೇರೆಯಾಗಿರುವುದು ಕಣ್ಣಿಗೇ ಕಾಣುತ್ತದೆ. ಇದೆ, ಆದರೆ ಇಲ್ಲ.

ಫೋರ್ಟ್_ರಿಪೇರಿ | ಜೂನ್ 15, ರಾತ್ರಿ 10:31

ವಾಸ್ಕೋ ಅಣ್ಣಾ, ಡಿಸ್ಕ್ ಎಸೆದಿಲ್ಲ ತಾನೆ? ಐಸೋಬಸ್ಟರ್ ಅಂತ ಒಂದು ಸಾಫ್ಟ್‌ವೇರ್ ಇದೆ. ಫೈನಲೈಸ್ ಆಗದ ಡಿಸ್ಕ್‌ನಿಂದಲೂ ಎಷ್ಟೋ ಸಲ ವಿಡಿಯೋ ಹೊರಗೆ ತೆಗೆಯುತ್ತದೆ. ಟ್ರೇ ಹೊರಗೆ ಬರುವ ಡಿವಿಡಿ ಡ್ರೈವ್‌ನಲ್ಲಿ ಹಾಕಿ. ಸೀಳಿನಲ್ಲಿ ನೂಕುವ ಡ್ರೈವ್‌ಗೆ ಪುಟ್ಟ ಡಿಸ್ಕ್ ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ.

ವಾಸ್ಕೋ_ಹಾವೇರಿ | ಜೂನ್ 15, ರಾತ್ರಿ 10:33

ಎಸೆದಿಲ್ಲ!! ದೇವರ ಫೋಟೋ ಹಿಂದೆ ಇಟ್ಟಿದ್ದೇನೆ. ಭಾನುವಾರ ಪ್ರಯತ್ನ ಮಾಡುತ್ತೇನೆ.

ಸುಮ್ನೆ_ಓದುವವ | ಜೂನ್ 16, ಬೆಳಿಗ್ಗೆ 11:02

ಯಾವತ್ತೂ ಬರೆಯದವನು ಬರೆಯುತ್ತಿದ್ದೇನೆ. ಆನ್‌ಲೈನ್‌ನಲ್ಲಿ 7 ಸಾವಿರಕ್ಕೆ 4ಕೆ ಕ್ಯಾಮ್‌ಕಾರ್ಡರ್ ಸಿಗುತ್ತಿದೆ. 16ಎಕ್ಸ್ ಜೂಮ್, ಮೈಕ್, ರಿಮೋಟ್ ಎಲ್ಲಾ ಇದೆ. ಅದು ಆಗುವುದಿಲ್ಲವಾ?

ಮಾಟುಂಗ_ಅಂಕಲ್ | ಜೂನ್ 16, ಬೆಳಿಗ್ಗೆ 11:30

16ಎಕ್ಸ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಡಿಜಿಟಲ್ ಅಂತ ಇರುತ್ತದೆ, ಓದಪ್ಪ. ಒಳಗಿನ ಲೆನ್ಸ್ ಒಂದಿಷ್ಟೂ ಮುಂದೆ ಹಿಂದೆ ಹೋಗುವುದಿಲ್ಲ. ಕೆಲವದರಲ್ಲಿ ಫೋಕಸ್ ಕೂಡ ಕದಲುವುದಿಲ್ಲ. ಆ ದುಡ್ಡಿಗೆ ಹಳೇ ಸೋನಿ ಸಿಎಕ್ಸ್405 ಕೈಗೆ ಸಿಕ್ಕರೆ ಅದು ಎಷ್ಟೋ ವಾಸಿ. ಫುಲ್ ಎಚ್‌ಡಿ ಅಷ್ಟೇ, ಆದರೆ 30 ಪಟ್ಟು ನಿಜವಾದ ಆಪ್ಟಿಕಲ್ ಜೂಮ್. ಅದಕ್ಕೆ ಹೊರಗಿನ ಮೈಕ್ ಚುಚ್ಚುವ ತೂತು ಇಲ್ಲ, ಬೆಳಕು ಹಿಡಿಯುವ ಸೆನ್ಸರ್ ತುಂಬಾ ಚಿಕ್ಕದು, ಕತ್ತಲಲ್ಲಿ ಕಾಳು ಕಾಳು ಬರುತ್ತದೆ. ಹಗಲು ಹೊತ್ತಿನ ಆಟೋಟಕ್ಕೆ ಧಾರಾಳ ಸಾಕು.

ಚೆಂಡೆ_ಪೆಟ್ಟು | ಜೂನ್ 16, ಸಂಜೆ 7:15

ಎಲ್ಲರೂ ಚಿತ್ರದ ಮಾತೇ ಆಡುತ್ತಿದ್ದೀರಿ. ಯಕ್ಷಗಾನದಲ್ಲಿ ಅರ್ಧ ಕೆಲಸ ಕಿವಿಯದು.

ಕ್ಯಾಮೆರಾ ಧ್ವನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಗಾಬರಿಬಿದ್ದು ಕೆಳಗೆ ಇಳಿಸುತ್ತದೆ. ಚೆಂಡೆ ನಿಂತ ಮೇಲೂ ಒಂದೆರಡು ಸೆಕೆಂಡ್ ಕೆಳಗೇ ಇರುತ್ತದೆ. ಅಷ್ಟರಲ್ಲಿ ಭಾಗವತರು ಪದ ಎತ್ತಿಯಾಗಿರುತ್ತದೆ, ಮೊದಲ ಮಾತು ಮುಳುಗಿಹೋಗಿರುತ್ತದೆ. ಆದ್ದರಿಂದ ಧ್ವನಿ ಮಟ್ಟವನ್ನು ಕೈಯಿಂದ ಹೊಂದಿಸಿ ಅಲ್ಲೇ ಬಿಡುವ ಸೌಲಭ್ಯ ಇದೆಯಾ ನೋಡಿ. 3.5 ಎಂಎಂ ಮೈಕ್ ಜಾಕ್ ಇರಲೇಬೇಕು. ಪ್ರಸಂಗಕ್ಕೆ ಮೊದಲಿನ ಪೂರ್ವರಂಗದಲ್ಲಿ ಚೆಂಡೆ ಜೋರಾಗಿ ನುಡಿಸುವಾಗ ಮಟ್ಟ ನೋಡಿ, ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಸಣ್ಣ ದನಿಯನ್ನು ಆಮೇಲೆ ಎತ್ತಬಹುದು, ಒಡೆದ ದನಿಯನ್ನು ಯಾರೂ ಕೂಡಿಸಲಾರರು.

ಬಾಲಗೋಪಾಲ ಪೂರ್ವರಂಗದಲ್ಲೇ ಬರುವ ವೇಷ ಅಲ್ವಾ. ತಡವಾಗಿ ಹೋದರೆ ಮಗಳು ಕುಣಿದು ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಹೋಗಿಯಾಗಿರುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ನೋಡಿದ್ದೇನೆ.

ಮೀರಾರೋಡ್_ಮನೆ | ಜೂನ್ 16, ರಾತ್ರಿ 8:50

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಒಂದು ಎಚ್ಚರಿಕೆ. ನನ್ನ ಭಾವ ಅಮೆರಿಕದಿಂದ ಕ್ಯಾಮೆರಾ ತಂದುಕೊಟ್ಟರು. ಮನೆಯೊಳಗೆ ತೆಗೆದ ವಿಡಿಯೋ ಎಲ್ಲಾ ಪಟ ಪಟ ಮಿಣುಕುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡು ಭಾವನಿಗೆ ಬೈದದ್ದೇ ಬಂತು. ಆಮೇಲೆ ಗೊತ್ತಾಯಿತು. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅಲ್ಲಿನ ಕ್ಯಾಮೆರಾ ಸೆಕೆಂಡಿಗೆ 30 ಅಥವಾ 60 ಚಿತ್ರದ ಲೆಕ್ಕದ್ದು. ತಾಳ ಕೂಡುವುದಿಲ್ಲ. ಇಲ್ಲಿಗೆ ಬಂದದ್ದು 25 ಅಥವಾ 50. ಹಲವು ಮಾಡೆಲ್‌ಗಳಲ್ಲಿ ಇದನ್ನು ಬದಲಾಯಿಸಲು ಬರುವುದಿಲ್ಲ. ಶಟರನ್ನು 1/100 ಸೆಕೆಂಡಿಗೆ ಇಟ್ಟರೆ ಮಿಣುಕು ಹೋಗುತ್ತದೆ, ಆದರೆ ಕತ್ತಲೆ ಜಾಸ್ತಿ ಆಗುತ್ತದೆ. ಫೋನಿನಲ್ಲೂ ಇದೇ ಕಾಟ ಇದ್ದರೆ ಸೆಟ್ಟಿಂಗ್‌ನಲ್ಲಿ 25 ಮಾಡಿ ನೋಡಿ.

ಡೊಂಬಿವಲಿ_ಪೂರ್ವ | ಜೂನ್ 17, ರಾತ್ರಿ 10:10

ಇಷ್ಟು ಜನ ಇಷ್ಟು ಚೆನ್ನಾಗಿ ಹೇಳುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಅಂಕಲ್, ಹಾಗಾದರೆ ಎಎಕ್ಸ್53 ಗಟ್ಟಿನಾ? ಎಎಕ್ಸ್43 ಅಂತಲೂ ಇದೆಯಲ್ಲ. ಕ್ಯಾನನ್, ಪ್ಯಾನಸೋನಿಕ್ ಹೇಗೆ? ಚೌಕಿಯಲ್ಲಿ ಬಣ್ಣ ಹಚ್ಚುವುದನ್ನೂ ತೆಗೆಯಬೇಕು ಅಂತ ಆಸೆ. ಅಲ್ಲಿ ಒಂದು ಬಲ್ಬ್ ಇರುತ್ತದೆ ಅಷ್ಟೇ.

ಮಾಟುಂಗ_ಅಂಕಲ್ | ಜೂನ್ 18, ಬೆಳಿಗ್ಗೆ 6:45

53 ಬಂದದ್ದು 2016ರಲ್ಲಿ, 43 ಬಂದದ್ದು 2020ರಲ್ಲಿ. ಲೆನ್ಸ್ ಜೂಮ್ ಎರಡರಲ್ಲೂ ಒಂದೇ ತರಹ. 43ರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ತೆಗೆದುಬಿಟ್ಟಿದ್ದಾರೆ. ಹಾಲ್‌ನಲ್ಲಿ ಹಿಂದಿನವರ ಕಣ್ಣಿಗೆ ಪರದೆಯ ಬೆಳಕು ಕುಕ್ಕಬಾರದು ಅಂದರೆ ವ್ಯೂಫೈಂಡರ್ ಬೇಕು, ನನಗಂತೂ ಬೇಕು. ಎರಡರಲ್ಲೂ ಲೆನ್ಸ್ ಮತ್ತು ಸೆನ್ಸರ್ ಒಟ್ಟಿಗೆ ತೇಲುತ್ತವೆ. ಆನ್ ಮಾಡಿ ಮುಂದಿನಿಂದ ನೋಡು, ಗಾಜಿನ ಒಳಗೆ ಅದು ಕಣ್ಣುಗುಡ್ಡೆಯ ಹಾಗೆ ತಿರುಗುತ್ತದೆ. ನಮ್ಮ ಮೊಮ್ಮಗ ಅದನ್ನು ನೋಡಿ ಹೆದರಿ ಓಡಿದ್ದ.

ಪ್ಯಾನಸೋನಿಕ್ ವಿಎಕ್ಸ್1ರಲ್ಲಿ 24 ಪಟ್ಟು ಜೂಮ್, ಅದೂ ಒಳ್ಳೆಯದೇ, ಇಲ್ಲಿ ಸಿಗುವುದು ಅಪರೂಪ. ಕ್ಯಾನನ್ ಜಿ70 ನಿನ್ನ ಬಜೆಟ್ ದಾಟುತ್ತದೆ. ಮನೆಬಳಕೆಯ ವಿಡಿಯೋ ಕ್ಯಾಮೆರಾ ಮಾಡುವುದರಲ್ಲಿ ಕಂಪನಿಗಳಿಗೇ ಈಗ ಆಸಕ್ತಿ ಇಲ್ಲ, ಜನ ಫೋನಿಗೆ ಹೋದರು. ಅದಕ್ಕೇ ನಾನು ಹಳೇ ಮಾಡೆಲ್‌ಗಳ ಹೆಸರು ಹೇಳುತ್ತಿರುವುದು.

ಚೌಕಿಗೆ ಮಾತ್ರ ಇದು ಅಷ್ಟಕ್ಕಷ್ಟೇ. ಒಂದಿಂಚು ಸೆನ್ಸರ್ ಅಂತಾರಲ್ಲ, ಅದು ನಿಜವಾಗಿ ಒಂದಿಂಚು ಇರುವುದಿಲ್ಲ, 13.2 × 8.8 ಮಿಲಿಮೀಟರ್. ಆದರೂ 53ರ ಸೆನ್ಸರ್‌ಗಿಂತ ನಾಲ್ಕೈದು ಪಟ್ಟು ದೊಡ್ಡದು. ಕೊಥ್ರೂಡ್ ತಂಗಿ ಹೇಳಿದ ಓಸ್ಮೋದಲ್ಲಿ ಇರುವುದು ಅದೇ. ಎರಡು ಕೆಲಸಕ್ಕೂ ಒಂದೇ ಯಂತ್ರ ಬೇಕು ಅಂದರೆ ಲಕ್ಷದ ಮೇಲೆ ಮಾತು.

ಕೊಥ್ರೂಡ್_ಕನ್ನಡತಿ | ಜೂನ್ 18, ಬೆಳಿಗ್ಗೆ 10:05

ಚೌಕಿಗೆ ಫೋನ್ ಸಾಕು ಬಿಡ್ರಿ. ಹತ್ತಿರ ಕೂತು ತೆಗೆಯುವುದಕ್ಕೆ ಈಗಿನ ಫೋನ್ ಬಹಳ ಚಲೋ. ಅಡ್ಡ ಹಿಡೀರಿ, ಫ್ಲೈಟ್ ಮೋಡ್‌ಗೆ ಹಾಕ್ರಿ, ಮುಗೀತು.

ಮೊಬೈಲ್_ಸಾಕು | ಜೂನ್ 18, ಬೆಳಿಗ್ಗೆ 10:06

ಅಂತೂ ಇಂತೂ!

ಫೋರ್ಟ್_ರಿಪೇರಿ | ಜೂನ್ 18, ರಾತ್ರಿ 9:30

ಎಎಕ್ಸ್53 ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಜೇಬಿನಲ್ಲಿ ಟಾರ್ಚ್ ಇರಲಿ. ಲೆನ್ಸಿನೊಳಗೆ ಓರೆಯಾಗಿ ಬೆಳಕು ಬಿಟ್ಟು ನೋಡಿ. ಜೇಡರ ಬಲೆಯ ಎಳೆಯ ಹಾಗೆ ಏನಾದರೂ ಕಂಡರೆ ಅದು ಫಂಗಸ್, ಎದ್ದು ಬನ್ನಿ. ಮುಂಬಯಿ ಮಳೆಗಾಲದಲ್ಲಿ ಕಪಾಟಿನೊಳಗೆ ಮಲಗಿದ್ದ ಕ್ಯಾಮೆರಾಗಳಿಗೆ ಇದು ಬರುತ್ತದೆ. ಪರದೆಯನ್ನು ಹತ್ತು ಸಲ ತೆರೆದು ಮುಚ್ಚಿ ತಿರುಗಿಸಿ. ಗೆರೆ ಬಂದರೆ ಒಳಗಿನ ಪಟ್ಟಿ ಹರಿದಿದೆ ಅಂತ ಅರ್ಥ. ಲೆನ್ಸಿಗೆ ಕೈ ಅಡ್ಡ ಇಟ್ಟು ಕತ್ತಲೆ ರೆಕಾರ್ಡ್ ಮಾಡಿ, ಬಿಳಿ ಚುಕ್ಕೆ ಎಷ್ಟಿವೆ ನೋಡಿ. ಅಂಗಡಿಯವನು ಟೀ ತರಿಸುತ್ತಾನಲ್ಲ, ಆ ಅರ್ಧ ಗಂಟೆ ಕ್ಯಾಮೆರಾ ನಿಲ್ಲಿಸದೆ ಓಡುತ್ತಿರಲಿ.

ಕಾರ್ಡ್ ವಿಷಯದಲ್ಲಿ ಜಿಪುಣತನ ಬೇಡ. 4ಕೆಯಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಇಟ್ಟರೆ ಗಂಟೆಗೆ 45 ಜಿಬಿ. ಅದಕ್ಕೆ ಯು3 ಅಂತ ಬರೆದ ವೇಗದ ಎಸ್‌ಡಿ ಕಾರ್ಡೇ ಬೇಕು. 60ಕ್ಕೆ ಇಳಿಸಿದರೆ ಗಂಟೆಗೆ 27 ಜಿಬಿ, ಮನೆಗೆ ಅಷ್ಟು ಸಾಕು.

ಮನೆಗೆ ತಂದಮೇಲೆ ಅಕ್ಕಿ ಡಬ್ಬಕ್ಕೆ ಹಾಕಬೇಡಿ, ಹಿಟ್ಟು ಧೂಳು ಒಳಗೆ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸಿ.

ಡೊಂಬಿವಲಿ_ಪೂರ್ವ | ಜುಲೈ 9, ರಾತ್ರಿ 11:20

ಸುದ್ದಿ ಹೇಳಲು ತಡವಾಯಿತು. ಎರಡು ಶನಿವಾರ ಫೋರ್ಟ್ ಸುತ್ತಿದೆ. ಮೊದಲು ನೋಡಿದ ಎಎಕ್ಸ್53ರಲ್ಲಿ ಟಾರ್ಚ್ ಬಿಟ್ಟರೆ ಒಳಗೆ ಬಲೆ. ಎರಡನೆಯದು ಅಮೆರಿಕದ್ದು. ಮೂರನೆಯದು ಸಿಕ್ಕಿತು. 41 ಸಾವಿರ, ಜೊತೆಗೆ ಎರಡು ಬ್ಯಾಟರಿ. ಟೀ ಎರಡು ಸಲ ಕುಡಿದೆ, ಕ್ಯಾಮೆರಾ ಓಡುತ್ತಲೇ ಇತ್ತು.

ಹಳೇದು ರಿಪೇರಿ ಆಯಿತು. ಟೇಪ್ ಸುಕ್ಕಾಗಿ ಹೊರಗೆ ಬಂತು, ನಡುವೆ ಒಂದು ನಿಮಿಷದಷ್ಟು ಹೋಯಿತು. ಆದರೆ ಟೇಪನ್ನು ಕಂಪ್ಯೂಟರಿಗೆ ಇಳಿಸುವಲ್ಲಿ ಪೆಟ್ಟು ತಿಂದೆ. ಆನ್‌ಲೈನ್‌ನಲ್ಲಿ ಒಂದು ತುದಿ ಫೈರ್‌ವೈರ್ (ಹಳೇ ಕ್ಯಾಮೆರಾದಿಂದ ವಿಡಿಯೋ ಇಳಿಸುವ ಕನೆಕ್ಷನ್), ಇನ್ನೊಂದು ತುದಿ ಯುಎಸ್‌ಬಿ ಇರುವ ಕೇಬಲ್ ತರಿಸಿದೆ. ಏನೂ ಆಗಲಿಲ್ಲ. ಕಂಪ್ಯೂಟರಿಗೆ ಕ್ಯಾಮೆರಾ ಕಾಣುವುದೇ ಇಲ್ಲ.

ಫೋರ್ಟ್_ರಿಪೇರಿ | ಜುಲೈ 9, ರಾತ್ರಿ 11:41

ಆ ಕೇಬಲ್ ಎಸೆಯಿರಿ. ಎರಡರ ಭಾಷೆಯೇ ಬೇರೆ, ಬರೀ ತಂತಿಯಿಂದ ಕೂಡುವುದಿಲ್ಲ. ಹಳೇ ಡೆಸ್ಕ್‌ಟಾಪ್ ಇದೆಯಾ? ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಪಿಸಿಐ ಎಕ್ಸ್‌ಪ್ರೆಸ್ ಫೈರ್‌ವೈರ್ ಕಾರ್ಡ್ ಕೇಳಿ. ಕ್ಯಾಮೆರಾ ಕಡೆ 4 ಪಿನ್, ಕಾರ್ಡ್ ಕಡೆ 6 ಪಿನ್ ಇರುವ ಕೇಬಲ್. ವಿಂಡೋಸ್ ಆದರೆ ವಿನ್‌ಡಿವಿ, ಲಿನಕ್ಸ್ ಆದರೆ ಡಿವಿಗ್ರ್ಯಾಬ್, ಎರಡೂ ಪುಕ್ಕಟೆ ಸಾಫ್ಟ್‌ವೇರ್. ಒಂದು ಗಂಟೆಯ ಟೇಪಿಗೆ ಒಂದು ಗಂಟೆ, 13 ಜಿಬಿ. 43 ಟೇಪಿಗೆ 560 ಜಿಬಿ ಹತ್ತಿರ. 1 ಟಿಬಿಯ ಎರಡು ಡಿಸ್ಕ್ ತಗೊಂಡು ಒಂದನ್ನು ಊರಲ್ಲಿ ಇಡಿ. ಕ್ಯಾಮೆರಾದ ಯುಎಸ್‌ಬಿಯಿಂದ ಇಳಿಸಲು ಹೋಗಬೇಡಿ, ಅಂಥ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಫೋಟೋಗೆ ಇರುವುದು.

ವಾಸ್ಕೋ_ಹಾವೇರಿ | ಜುಲೈ 10, ಬೆಳಿಗ್ಗೆ 7:15

ಹೇಳಲು ಮರೆತಿದ್ದೆ. ನನ್ನ ಡಿಸ್ಕ್‌ನಿಂದ 14 ನಿಮಿಷ ಹೊರಗೆ ಬಂತು. ಮಗನಿಗೆ ಈಗ ಮೀಸೆ ಬಂದಿದೆ. ಕೇಕ್ ಮೇಲೆ ಮುಖ ಇಟ್ಟದ್ದನ್ನು ತೋರಿಸಿದರೆ ಅಳಿಸು ಅನ್ನುತ್ತಾನೆ.

ಡೊಂಬಿವಲಿ_ಪೂರ್ವ | ಆಗಸ್ಟ್ 19, ರಾತ್ರಿ 10:35

ಆಟ ಆಯಿತು. ಚೆಂಡೆ_ಪೆಟ್ಟು ಹೇಳಿದ ಹಾಗೆ ಒಂದು ಗಂಟೆ ಮೊದಲೇ ಹೋಗಿದ್ದೆ. ಅಂಕಲ್ ಹೇಳಿದ ಹಾಗೆ ಜಾಗ ಸಿಕ್ಕಿದ್ದೂ ಬಾಗಿಲ ಪಕ್ಕವೇ. ಚೌಕಿಯಲ್ಲಿ ಹೆಂಡತಿ ಫೋನಿನಲ್ಲಿ ತೆಗೆದಳು. ಜೂಮ್ ಪೂರ್ತಿ ಎಳೆದಾಗ ಒಂದು ವಿಷಯ ಕಂಡಿತು. ಮಗಳು ಕುಣಿಯುತ್ತ ತುಟಿ ಅಲ್ಲಾಡಿಸುತ್ತಿದ್ದಾಳೆ. ತಿತ್ತಿತ್ತೈ ಅಂತ ತಾಳ ಎಣಿಸುತ್ತಿದ್ದಾಳೆ. ಸಭೆಯಲ್ಲಿ ಕೂತ ಯಾರಿಗೂ ಅದು ಕಂಡಿಲ್ಲ. ಅವಳ ಗುರುಗಳಿಗೆ ತೋರಿಸಿದೆ, ಮುಂದಿನ ಸಲ ಬಾಯಿ ಮುಚ್ಚಿ ಕುಣಿಯಬೇಕು ಅಂದರು.

ಟೇಪ್ 19 ಇಳಿದಿವೆ. 17ನೇ ಟೇಪಿನಲ್ಲಿ ಒಂದು ತಮಾಷೆ ಸಿಕ್ಕಿತು. 2007ರದ್ದು. ಲೆನ್ಸಿನ ಮುಚ್ಚಳ ಹಾಕಿ, ರೆಕಾರ್ಡಿಂಗ್ ನಿಲ್ಲಿಸಲು ಮರೆತು ಕ್ಯಾಮೆರಾವನ್ನು ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೇನೆ. 22 ನಿಮಿಷ ಪೂರ್ತಿ ಕಪ್ಪು. ಧ್ವನಿ ಮಾತ್ರ ಇದೆ. ಬಾಗಿಲಿಗೆ ಮೀನಿನ ಮಾವಶಿ ಬಂದಿದ್ದಾಳೆ, ಅಮ್ಮ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದಾರೆ. ಅರ್ಧ ಮರಾಠಿ, ಅರ್ಧ ಕುಂದಗನ್ನಡ. ಆ ಮಾವಶಿಗೆ ‘ಎಂತ ಹೆಣೆ’ ಅಂತಾರೆ, ಅವಳು ಅದಕ್ಕೆ ಮರಾಠಿಯಲ್ಲಿ ಸರಿಯಾಗಿ ಉತ್ತರ ಕೊಡುತ್ತಾಳೆ. ವ್ಯಾಪಾರ ಮುಗಿದ ಮೇಲೆ ಇಬ್ಬರೂ ಕೂತು ಸೊಸೆಯಂದಿರ ಮಾತು ಶುರು ಮಾಡುತ್ತಾರೆ. ಅದನ್ನು ಹೆಂಡತಿ ಇನ್ನೂ ಕೇಳಿಸಿಕೊಂಡಿಲ್ಲ.

ಅಮ್ಮ ನಾಲ್ಕು ಸಲ ಹಾಕಿಸಿಕೊಂಡು ಕೇಳಿದರು. ನನ್ನ ಫೋನಿಗೆ ಹಾಕಿಕೊಡು ಅಂತ ಹಟ. 13 ಜಿಬಿಯ ವಿಡಿಯೋದಿಂದ ಈ ಧ್ವನಿಯನ್ನಷ್ಟೇ ಬೇರೆ ಮಾಡುವುದು ಹೇಗೆ?

ಮೊಬೈಲ್_ಸಾಕು | ಆಗಸ್ಟ್ 19, ರಾತ್ರಿ 10:37

ಕಳಿಸಿ, ಮಾಡಿಕೊಡುತ್ತೇನೆ. ಮೊಬೈಲಲ್ಲೇ.